ಏಳಕ್ಕೆ ಬಿಟ್ಟು ಹನ್ನೆರಡೂವರೆಗೆ ಲಂಡನ್

ನೆಲ ಬಿಡದೆ ವಿಮಾನ ನಡೆಸಬಲ್ಲವರು ಜಗತ್ತಿನಲ್ಲಿ ಒಬ್ಬರೇ. ಅವರು ನಮ್ಮ ಕಾಕಾ! ಇಂಧನ ಯಾವುದು? ಅಪ್ಪಟ ಹೆದರಿಕೆ! ಕಲಬುರಗಿ–ಕಮಲಾಪುರ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದ ಈ ಮಹಾನುಭಾವರು, ಚಕ್ರ ರಸ್ತೆಗೆ ತಾಗದ ಯಾವುದನ್ನೂ ವಾಹನವೆಂದು ಒಪ್ಪಿದವರಲ್ಲ. ಜೋಕಾಲಿಯನ್ನೂ ಅವರು ಸಂಶಯದಿಂದಲೇ ನೋಡುತ್ತಾರೆ.

ಹೀಗಿರಲು, ಕಮಲಾಪುರದ ಹೆಣ್ಣುಮಕ್ಕಳ ರೊಟ್ಟಿ ಸಂಘದ ಪರವಾಗಿ ಲಂಡನ್ನಿನ ಆಹಾರ ಮೇಳಕ್ಕೆ ಕಾಕಿಗೆ ಕರೆ ಬಂದಿತು. ಕಾಕಾ ಊಟ ಬಿಟ್ಟರು! ಸ್ತ್ರೀಸ್ವಾತಂತ್ರ್ಯದ ಪರ ಮಾತಾಡಿ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದಿದ್ದ ನಾನು ಸುಮ್ಮನಿರಲು ಸಾಧ್ಯವೇ? ಕಲಬುರಗಿಯ ಸೇಡಂ ರಸ್ತೆಯ ನನ್ನ ಮನೆಯಿಂದ ಕಮಲಾಪುರಕ್ಕೆ ಧಾವಿಸಿದೆ.

"ನಡುವ ಸ್ಟಾಪ್ ಎಷ್ಟದಾವ?" ಎಂದರು ಕಾಕಾ.

"ಒಂದೂ ಇಲ್ಲರೀ. ಹೈದರಾಬಾದ್ ಬಿಟ್ಟರ ಸೀದಾ ಲಂಡನ್."

"ಮತ್ತ ಯಾರಿಗರ ನಡುವ ಇಳೀಬೇಕನಿಸಿದ್ರ?"

ಇದಕ್ಕೆ ಯಾವ ತರ್ಕಶಾಸ್ತ್ರದಲ್ಲಿ ಉತ್ತರವಿದೆ? ನಾನು ಟಿಕೆಟ್ಟನ್ನೇ ಸಾಕ್ಷ್ಯವಾಗಿ ಮಂಡಿಸಿದೆ. "ನೋಡ್ರಿ, ಮುಂಜಾನೆ ಏಳಕ್ಕ ಬಿಡ್ತದ, ಹನ್ನೆರಡೂವರಿಗೆ ಮುಟ್ತದ. ಬರೇ ಐದೂವರಿ ತಾಸು! ಬೆಂಗಳೂರು ಬಸ್ಸಿಗಿಂತ ಲಗೂ!"

ಕಾಕಾ ದೂರ ಕೇಳಿದರು. ಸುಮಾರು ಏಳು ಸಾವಿರದ ಏಳುನೂರು ಕಿಲೋಮೀಟರು ಎಂದೆ. ಬೆರಳು ಮಡಚಿ ಎಣಿಸಿದವರು ಬಿಳಿಚಿಕೊಂಡರು.

"ತಾಸಿಗೆ ಸಾವಿರದ ನಾಕನೂರು! ಡ್ರೈವರ್ ಕುಡದು ಹೊಡಿತಾನೇನೋ ತಮ್ಮಾ?"

"ವಿಜ್ಞಾನ ಭಾಳ ಮುಂದ ಹೋಗ್ಯದ ಕಾಕಾ" ಎಂದು ನಾನು ಕರುಣೆಯಿಂದ ನಕ್ಕೆ.

"ಅವರಿಗೇನ್ ಕೇಳ್ತೀ! ಬಸ್ ಜರಾ ಜೋರ್ ಹೋದ್ರನೂ ಸೀಟಿ ಊದತಿದ್ರು" ಎನ್ನುತ್ತ ಕಾಕಿ ಸೀರೆಗಳನ್ನು ಚೀಲಕ್ಕೆ ತುಂಬತೊಡಗಿದರು.

ಕಾಕಿ ಹಾರುವ ದಿನ ಕಾಕಾ ಬೆಳಗಾಗುವಷ್ಟರಲ್ಲಿ ನನ್ನ ಮನೆಗೆ ಬಂದರು. ಏಳಕ್ಕೆ ಸರಿಯಾಗಿ ಅಂಗಳದಲ್ಲಿ ನಿಂತು, "ರೈಟ್, ರೈಟ್!" ಎಂದರು. ವಿಮಾನ ಹೊರಟಿತು!

ಹನ್ನೆರಡೂವರೆಯಾಯಿತು. ಫೋನ್ ಬರಲಿಲ್ಲ. ಒಂದಕ್ಕೆ, "ಚೀಲ ಇಳಿಸಿಕೋಬೇಕಲ್ಲರೀ" ಎಂದು ವಾದಿಸಿದೆ. ಎರಡಕ್ಕೆ, "ಚಾರ್ಜ್ ಹೋಗಿರಬೇಕು" ಎಂದೆ. ಮೂರಕ್ಕೆ ನನ್ನ ವಾದಗಳು ಮುಗಿದವು. ಕಾಕಾ ಎರಡೂ ಕೈಯಲ್ಲಿ ಫೋನನ್ನು ಹಕ್ಕಿಮರಿಯಂತೆ ಹಿಡಿದು ಕುಳಿತಿದ್ದರು.

"ನಿನ್ನ ಮಾತಿನ ಮ್ಯಾಲೇ ಹೋಗ್ಯಾಳೋ ತಮ್ಮಾ" ಎಂದರು, ಅಷ್ಟೇ.

ಯಾರನ್ನಾದರೂ ಕೇಳಬಹುದಿತ್ತು, ಆದರೆ ಏನು ಹೇಳಿಬಿಡುತ್ತಾರೋ? ನಾಲ್ಕಾಯಿತು. ನಾನು ಗೆದ್ದ ಕಪ್ಪುಗಳೆಲ್ಲ ಕಪಾಟಿನಿಂದ ನನ್ನನ್ನೇ ದಿಟ್ಟಿಸುತ್ತಿದ್ದವು.

ಐದು ದಾಟಿದ ಮೇಲೆ ಫೋನ್ ರಿಂಗಣಿಸಿತು.

"ಈಗಷ್ಟ ಇಳದೇವ್ರಿ" ಎಂದರು ಕಾಕಿ. "ಹೇಳಿದ ಟೈಮಿಗೇ ಮುಟ್ಟಸ್ಯಾನ. ಇಲ್ಲಿ ಹನ್ನೆರಡೂವರಿ!"

ಕಾಕಾ ಗಡಿಯಾರ ನೋಡಿದರು; ನಾನು ನೆಲ ನೋಡಿದೆ. ಟಿಕೆಟ್ಟಿನಲ್ಲಿದ್ದ ಎರಡು ಹೊತ್ತುಗಳು ಎರಡು ಊರಿನ ಗಡಿಯಾರದವು! ಹಾರಾಟ ಹತ್ತು ತಾಸಿನದು! ಕುಡಿದವನು ಡ್ರೈವರನಲ್ಲ, ವಿಮಾನದ ಪರ ವಕಾಲತ್ತು ವಹಿಸಿದ ನಾನು!

ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಕಾಕಾ ನನ್ನತ್ತ ತಿರುಗಲೇ ಇಲ್ಲ.

"ಅಂದ್ರ ಇವತ್ತ ನಿನಗ ನಾಕೂವರಿ ತಾಸು ಹೆಚ್ಚಿಗಿ ಸಿಕ್ಕಾವಲ್ಲ" ಎಂದರು ಫೋನಿನಲ್ಲಿ ಕಾಕಿಗೆ. "ಅವು ಮನಿಯವಲ್ಲ, ನಿನ್ನವು. ಯಾರಿಗೂ ದುಡೀಬ್ಯಾಡ. ಎಲ್ಲೆರ ಸುಮ್ಮ ಕುಂತುಬಿಡು."

ಎಂದೂ ಮಾತು ನಿಲ್ಲಿಸದ ಕಾಕಿ ಆ ಕಡೆ ಮೌನವಾದರು. ಕಾಕಾರ ಮುಖಕ್ಕೆ ಹೆದರಿಕೆ ಮರಳಿ ಬಂದಿತು.

"ಹಲೋ? ಹಲೋ? ಅಳಾಕತ್ತಿಯೇನ?"