ಆರ್ಲಿನ್ ಟೆಸ್ಕೆಯ ಒಂಟಿ ಬೇಟೆ

ವಿಸ್ಕಾನ್ಸಿನ್ ರಾಜ್ಯದ ಹ್ಯಾಮರ್‌ಬರ್ಗ್ ಊರಿನ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ರೈಲು ಬಂದ ವರ್ಷ, ಚೀಸ್ ಕಾರ್ಖಾನೆ ಸುಟ್ಟ ವರ್ಷ, ಇವುಗಳ ಸಾಲಿನಲ್ಲಿ ಇನ್ನೊಂದು ಘಟನೆಗೂ ಜಾಗ ಕೊಡಬೇಕಾಗುತ್ತದೆ. ಅದು ಜೂನ್ ಒಂದನೇ ತಾರೀಕಿನ ಬೆಳಿಗ್ಗೆ ಆರ್ಲಿನ್ ಟೆಸ್ಕೆ ಎಂಬವನು ತಾನು ಕೆಲಸ ಮಾಡುವ ಪಶು ಆಹಾರದ ಗಿರಣಿಯ ಕೌಂಟರ್ ಮೇಲೆ ಒಂದು ನಕಾಶೆ ಬಿಡಿಸಿಟ್ಟು ಕಾಫಿ ತರಲು ಹೋದದ್ದು.

ನಕಾಶೆ ದೂರದ ಪಶ್ಚಿಮದ ವಯೋಮಿಂಗ್ ರಾಜ್ಯದ್ದು. ವಿಸ್ಕಾನ್ಸಿನ್‌ನಲ್ಲಿ ಐವತ್ತು ದಾಟಿದ ಗಂಡಸಿನ ಮುಂದೆ ವಯೋಮಿಂಗ್‌ನ ನಕಾಶೆ ಕಂಡರೆ ಕಾರಣ ಎರಡೇ ಇರುತ್ತವೆ. ಒಂದೋ ಹೆಂಡತಿ ಬಿಟ್ಟುಹೋಗಿದ್ದಾಳೆ, ಇಲ್ಲವೇ ಜಿಂಕೆ. ಆರ್ಲಿನ್‌ನ ಹೆಂಡತಿ ಕಾರ್ಲೀನ್‌ಳನ್ನು ಅದೇ ಬೆಳಿಗ್ಗೆ ಬೇಕರಿಯಲ್ಲಿ ಕಣ್ಣಾರೆ ಕಂಡಿದ್ದ ಸಹೋದ್ಯೋಗಿ ಮರ್ಲ್ ಎರಡನೆಯದನ್ನೇ ಖಚಿತ ಮಾಡಿಕೊಂಡ.

"ಏನಪ್ಪಾ ಇದು, ವಯೋಮಿಂಗಾ?"

"ಸುಮ್ನೆ ನೋಡ್ತಿದ್ದೆ," ಎಂದ ಆರ್ಲಿನ್, ಕಾಫಿ ಲೋಟವನ್ನು ನಕಾಶೆಯ ಮೇಲೆಯೇ ಇಟ್ಟು.

"ಸುಮ್ನೆ ನೋಡೋನು ಪೆನ್ಸಿಲ್‌ನಲ್ಲಿ ಸುತ್ತು ಹಾಕಲ್ಲ. ಮ್ಯೂಲ್ ಜಿಂಕೆಗೆ ಅರ್ಜಿ ಹಾಕ್ತಿದ್ದೀಯ. ಇವತ್ತೇ ಕೊನೇ ದಿನ. ನಂಗೇನ್ ಗೊತ್ತಿಲ್ವಾ?"

ಮರ್ಲ್‌ಗೆ ಗೊತ್ತಿಲ್ಲದ್ದು ಇರಲಿಲ್ಲ. ಬಹಳ ಹಿಂದೆ ಕೊಲೊರಾಡೊದ ಒಂದು ಲಾಡ್ಜಿನ ಕಿಟಕಿಯಿಂದ, ಹಲ್ಲುಜ್ಜುತ್ತ, ಅವನು ಒಂದು ಮ್ಯೂಲ್ ಜಿಂಕೆಯನ್ನು ನೋಡಿದ್ದ. ಹೇಸರಗತ್ತೆಯ ಹಾಗೆ ಅಗಲ ಕಿವಿ ಇರುವ ಆ ಜಿಂಕೆ ಕಸದ ತೊಟ್ಟಿಯ ಹತ್ತಿರ ನಿಂತಿತ್ತಂತೆ. ಅಂದಿನಿಂದ ಪಶ್ಚಿಮದ ಬೇಟೆಯ ವಿಷಯದಲ್ಲಿ ಊರಿಗೆಲ್ಲ ಅವನ ಮಾತೇ ಕೊನೆಯದಾಗಿತ್ತು.

ಆರ್ಲಿನ್‌ಗೆ ಈ ಬೇಟೆ ಯಾಕೆ ಬೇಕಿತ್ತು ಎಂದು ಕೇಳಿದರೆ ಅವನು ಹೇಳುತ್ತಿರಲಿಲ್ಲ. ಹೇಳಲು ಬರುವಂಥದ್ದೂ ಅಲ್ಲ. ಮದುವೆಯಾದಾಗಿನಿಂದ ಪ್ರತಿ ನವೆಂಬರ್‌ನಲ್ಲಿ ಅವನು ಮಾವನ ಬೇಟೆಗುಡಿಸಲಿಗೆ ಹೋಗುತ್ತಿದ್ದ. ಅಲ್ಲಿ ಹೆಂಡತಿಯ ತಮ್ಮಂದಿರು, ಅವರ ಸೋದರಸಂಬಂಧಿಗಳು, ಬೀನ್ಸ್ ಸಾರು, ಇಸ್ಪೀಟು, ಒಣಗಲು ಹಾಕಿದ ಕಾಲುಚೀಲಗಳು. ಬೆಳಿಗ್ಗೆ ಕಾಡಿಗೆ ಹೋಗಿ ಒಬ್ಬೊಬ್ಬರು ಒಂದೊಂದು ಮರ ಹತ್ತಿ ಕುಳಿತರೂ ಬಿಡುಗಡೆ ಇಲ್ಲ. ಹೆಂಡತಿಯ ಹಿರಿಯ ತಮ್ಮ ಡ್ವೇನ್ ಎಲ್ಲರಿಗೂ ವಾಕಿಟಾಕಿಯಂಥ ಕೈರೇಡಿಯೊ ಹಂಚಿದ್ದ. ಹಿಮ ಬಿದ್ದು, ಗಾಳಿ ನಿಂತು, ಕಾಡು ಇನ್ನೇನು ಒಂದು ಮಾತು ಹೇಳುತ್ತದೆ ಅನ್ನುವಾಗ ಜೇಬು ಗೊರಗೊರ ಅನ್ನುತ್ತಿತ್ತು.

"ಆರ್ಲಿನ್, ಏನಾದ್ರೂ ಕಂಡ್ತಾ?"

"ಇಲ್ಲ."

"ನಂಗೂ ಇಲ್ಲ. ಸುಮ್ನೆ ಕೇಳ್ದೆ."

ವಾರದ ದಿನಗಳಲ್ಲಿ ಗಿರಣಿಯ ಗದ್ದಲ, ಭಾನುವಾರ ಚರ್ಚಿನ ಸಮೂಹಗಾನ, ನವೆಂಬರ್‌ನಲ್ಲಿ ಡ್ವೇನ್. ಸಾಯುವುದರೊಳಗೆ ಒಮ್ಮೆ, ಮರವಿಲ್ಲದ ಒಂದು ಬೆಟ್ಟದ ಮೇಲೆ ಕುಳಿತು, ಕಣ್ಣು ಹೋಗುವಷ್ಟು ದೂರ ನೋಡುತ್ತ, ಯಾರ ಮಾತಿಗೂ ಉತ್ತರ ಕೊಡದೆ ಇರಬೇಕು ಎಂಬುದು ಅವನ ಆಸೆ. ಜಿಂಕೆ ಒಂದು ನೆಪ. ನೆಪವಿಲ್ಲದೆ ಬೆಟ್ಟ ಹತ್ತಿ ಕೂರುವ ಗಂಡಸನ್ನು ಹ್ಯಾಮರ್‌ಬರ್ಗ್‌ನವರು ಡಾಕ್ಟರ ಹತ್ತಿರ ಕರೆದೊಯ್ಯುತ್ತಾರೆ.

ವಯೋಮಿಂಗ್‌ನಲ್ಲಿ ಹೊರರಾಜ್ಯದವರಿಗೆ ಬೇಟೆಯ ಪರವಾನಗಿಯನ್ನು ಲಾಟರಿಯಂತೆ ಚೀಟಿ ಎತ್ತಿ ಕೊಡುತ್ತಾರೆ. ಸಿಗದವರು ವರ್ಷಕ್ಕೊಂದು ಅಂಕ ಕೊಂಡು ಕೂಡಿಡುತ್ತಾರೆ. ಅಂಕ ಹೆಚ್ಚಿದಷ್ಟೂ ಸಿಗುವ ಆಸೆ ಹೆಚ್ಚು. ಪರವಾನಗಿ ಸಿಕ್ಕಿತೋ, ಅಂಕವೆಲ್ಲ ಮಂಜಿನಂತೆ ಕರಗಿ ಮತ್ತೆ ಸೊನ್ನೆಯಿಂದ ಶುರು. ಆರ್ಲಿನ್ ಯಾರಿಗೂ ಹೇಳದೆ ಬಹಳ ವರ್ಷದಿಂದ ಅಂಕ ಕೂಡಿಡುತ್ತ ಬಂದಿದ್ದ. ಕಳೆದ ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಪಕ್ಕ ಕುಳಿತು, ಯಾವ ಬೆಟ್ಟಕ್ಕೆ ಎಷ್ಟು ಜನ ಬೇಟೆಗಾರರು ಹೋದರು ಎಂಬ ಸರ್ಕಾರಿ ಅಂಕಿಅಂಶಗಳನ್ನು ಬೈಬಲ್‌ಗಿಂತ ಶ್ರದ್ಧೆಯಿಂದ ಓದಿದ್ದ. ಲಾಸ್ಟ್ ಕೆಟಲ್ ಎಂಬ ಬೆಟ್ಟಸಾಲಿನಲ್ಲಿ ಜಿಂಕೆಗಳು ಬೇಕಾದಷ್ಟಿದ್ದವು. ಹೊರರಾಜ್ಯದವರು ಮಾತ್ರ ಅಲ್ಲಿಗೆ ಹೋಗಿಯೇ ಇರಲಿಲ್ಲ ಎನ್ನಬೇಕು. ಇಷ್ಟು ಜನರಿಗೆ ಕಾಣದ್ದು ತನಗೆ ಕಂಡಿತಲ್ಲ ಎಂದು ಆರ್ಲಿನ್ ಅದನ್ನು ಪತ್ತೆ ಮಾಡಿದ ರಾತ್ರಿ ನಿದ್ದೆಯಲ್ಲೂ ನಕ್ಕಿದ್ದ. ಜನ ಹೋಗದ ಜಾಗ ಸಿಕ್ಕಿದ ಸಂತೋಷದಲ್ಲಿ, ಜನ ಯಾಕೆ ಹೋಗುವುದಿಲ್ಲ ಎಂದು ಕೇಳಿಕೊಳ್ಳುವವರು ಕಡಿಮೆ.

ಆ ಪೆನ್ಸಿಲ್ ಸುತ್ತಿನ ಮೇಲೆಯೇ ಈಗ ಕಾಫಿ ಲೋಟ ಕೂತಿತ್ತು. ಅದನ್ನು ಮುಚ್ಚುವಷ್ಟು ಬುದ್ಧಿ ಅವನಿಗಿತ್ತು. ಮರ್ಲ್‌ನ ಬಾಯಿ ಮುಚ್ಚುವ ಲೋಟ ಇರಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ, ಕರುವಿನ ಆಹಾರ ಕೊಳ್ಳಲು ಬಂದ ರೈತರೆಲ್ಲ ಕೌಂಟರ್ ಸುತ್ತ ಸೇರಿ ಅವನ ಬೇಟೆಯನ್ನು ತಾವೇ ಆಡತೊಡಗಿದ್ದರು.

"ಅಲ್ಲಿ ಗಾಳಿ ತೆಳು ಕಣೋ. ನಮ್ಮಂಥೋರಿಗೆ ಮೂಗಲ್ಲಿ ರಕ್ತ ಬರುತ್ತೆ. ಈಗಿಂದ್ಲೇ ದಿನಾ ಒಂದು ಬೀಟ್‌ರೂಟ್ ತಿನ್ನು."

"ಕರಡಿ ಬಂದ್ರೆ ಓಡಬಾರ್ದು."

"ಓಡದೆ? ನಿಂತ್ಕೊಂಡು ಹವಾಮಾನ ಮಾತಾಡ್ತಾರಾ?"

"ಬೂಟು ಒಂದು ಸೈಜ್ ದೊಡ್ಡದು ತಗೋ."

"ದೊಡ್ಡದು ತಗೊಂಡು ಇಳಿಜಾರಲ್ಲಿ ಉಗುರು ಕಿತ್ತೋಗಲಿ ಅಂತಾನಾ?"

ಕೋಳಿ ಕಾಳಿಗೆ ಬಂದಿದ್ದ ಮುದುಕಿಯೊಬ್ಬಳು ಎಲ್ಲರನ್ನೂ ಕೈಯೆತ್ತಿ ಸುಮ್ಮನಾಗಿಸಿದಳು. "ಬಾಡಿಗೆಗೆ ಲಾಮಾ ಸಿಗುತ್ತೆ, ಒಂಟೆ ಜಾತಿಯ ಪ್ರಾಣಿ. ಸಾಮಾನೆಲ್ಲ ಹೊರುತ್ತೆ. ಮಾತಾಡಲ್ಲ. ಸಿಟ್ಟು ಬಂದ್ರೆ ಉಗಿಯುತ್ತೆ, ಅಷ್ಟೇ."

ಅಂದಿನ ಸಲಹೆಗಳಲ್ಲೆಲ್ಲ ಆರ್ಲಿನ್‌ನ ಮನಸ್ಸಿಗೆ ಹಿಡಿಸಿದ್ದು ಅದೊಂದೇ. ಲಾಮಾದ ಗುಣ ವಿವರವಾಗಿ ಕೇಳೋಣ ಎನ್ನುವಷ್ಟರಲ್ಲಿ ಹೊರಗೆ ಶೌಚಗುಂಡಿ ಬಳಿಯುವ ಲಾರಿ ಬಂದು ನಿಂತಿತು. ಲಾರಿ ಡ್ವೇನ್‌ನದು. ಮರ್ಲ್ ಫೋನ್ ಮಾಡಿ ಹೇಳಿದ್ದ.

"ಹಾಗಾದ್ರೆ ನಾವು ಯಾವತ್ತು ಹೊರಡೋದು?" ಎನ್ನುತ್ತಲೇ ಡ್ವೇನ್ ಒಳಗೆ ಬಂದ.

'ನಾವು' ಎಂಬುದು ಚಿಕ್ಕ ಪದ. ಆದರೆ ಅದು ಆರ್ಲಿನ್‌ನ ಎದೆಯ ಮೇಲೆ ಕೊಬ್ಬಿದ ಹೋರಿಯ ಹಾಗೆ ಬಂದು ಕುಳಿತುಕೊಂಡಿತು.

"ಡ್ವೇನ್, ಇದು ಇನ್ನೂ..."

"ಏನೂ ಯೋಚ್ನೆ ಮಾಡ್ಬೇಡ. ಮಲಗೋಕೆ ಕ್ಯಾಂಪರ್ ಗಾಡಿ ನಾನು ತರ್ತೀನಿ. ನಮ್ಮ ತಮ್ಮಂದಿರು ರಾಜರ್‌ಗೂ ಲೈಲ್‌ಗೂ ಹೇಳಾಯ್ತು, ಕುಣಿದಾಡ್ತಿದಾರೆ. ರೇಡಿಯೊಗೆ ಹೊಸ ಬ್ಯಾಟರಿ ತರ್ತೀನಿ. ಗುಂಪಾಗಿ ಒಂದೇ ಅರ್ಜಿ ಹಾಕ್ಬಿಡೋಣ."

ಗುಂಪಾಗಿ ಅರ್ಜಿ ಹಾಕಿದರೆ ಎಲ್ಲರ ಅಂಕ ಕೂಡಿಸಿ ತಲೆಗಿಷ್ಟೆಂದು ಹಂಚುತ್ತಾರೆ. ಡ್ವೇನ್, ರಾಜರ್, ಲೈಲ್ ಮೂವರದೂ ಸೊನ್ನೆ. ಇಷ್ಟು ವರ್ಷ ಹನಿ ಹನಿ ಕೂಡಿಸಿದ ಹಾಲಿಗೆ ಮೂರು ಬಕೆಟ್ ನೀರು. ಪರವಾನಗಿ ಸಿಗುವುದಿಲ್ಲ, ಸಿಕ್ಕಿದರೆ ಇನ್ನೂ ಕಷ್ಟ, ಅವರೂ ಬರುತ್ತಾರೆ.

ಅಷ್ಟರಲ್ಲಿ ಕಾರ್ಲೀನ್‌ಳ ಫೋನು. "ತಮ್ಮಂದಿರೆಲ್ಲ ಬರ್ತಾರಂತೆ! ನೀನೊಬ್ನೇ ಹೋಗ್ತೀಯೇನೋ ಅಂತ ಹೆದ್ರಿದ್ದೆ. ಈಗ ನಿದ್ದೆ ಬರುತ್ತೆ ನಂಗೆ."

ಆ ಊರಿನಲ್ಲಿ 'ಬೇಡ' ಎಂದು ನೇರವಾಗಿ ಹೇಳುವ ಪದ್ಧತಿ ಇಲ್ಲ. ಬೆಂಕಿ ಹತ್ತಿದ ಮನೆಯೊಳಕ್ಕೆ ಯಾರಾದರೂ ಊಟಕ್ಕೆ ಕರೆದರೂ "ಈಗ ತಾನೆ ತಿಂದು ಬಂದೆ" ಎನ್ನುತ್ತಾರೆಯೇ ಹೊರತು ಬೆಂಕಿಯ ಮಾತೆತ್ತುವುದಿಲ್ಲ. ಆರ್ಲಿನ್ ಕೂಡ ಅಲ್ಲಿಯವನೇ. ತನಗೆ ಒಬ್ಬನೇ ಇರಬೇಕು ಅನ್ನಿಸುತ್ತದೆ ಎಂಬ ಸತ್ಯ ಗಂಟಲವರೆಗೆ ಬಂದದ್ದು, ಡ್ವೇನ್‌ನ ಮುಖ ನೋಡಿ ಒಳಗೇ ಇಳಿಯಿತು. ಬದಲಿಗೆ ಬಾಯಿಗೆ ಬಂದದ್ದು ಇದು:

"ನಾನು ಈ ವರ್ಷ ಹೋಗ್ತಾ ಇಲ್ಲ, ಡ್ವೇನ್. ಮಂಡಿ ನೋವು."

ಡ್ವೇನ್ ಅವನ ಮಂಡಿಯನ್ನೂ ಮುಖವನ್ನೂ ನೋಡಿದ. "ನಾವು ಬರ್ತೀವಿ ಅಂದಿದ್ದಕ್ಕೆ ಅಲ್ಲ ತಾನೆ?"

"ಛೆ, ಛೆ. ಏನ್ ಮಾತು ಅಂತ ಆಡ್ತೀಯ!"

"ಯಾವ ಮಂಡಿ?"

"ಎಡ... ಎಡಗಡೇದು."

"ಲಾರಿ ಹತ್ತು. ಈಗ್ಲೇ ಹೋಗೋಣ ಡಾಕ್ಟರ ಹತ್ರ. ಹಂಗೇ ಬಿಟ್ರೆ ಲೈಲ್‌ನ ಮಂಡಿ ಥರ ಆಗುತ್ತೆ."

ಮನುಷ್ಯ ಕೆಟ್ಟವನಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಡ್ವೇನ್ ಅರ್ಧ ದಿನದ ದುಡಿಮೆ ಬಿಟ್ಟು, ಎರಡು ಮನೆಯವರ ತುಂಬಿದ ಗುಂಡಿಯನ್ನು ನಾಳೆಗೆ ತಳ್ಳಿ, ಆರ್ಲಿನ್‌ನನ್ನು ತೋಳು ಹಿಡಿದು ಲಾರಿಗೆ ಹತ್ತಿಸಿದ. ದವಾಖಾನೆಯಲ್ಲಿ ಆ ಲಾರಿಯ ವಾಸನೆಯ ಪುಣ್ಯದಿಂದ ಸರದಿ ಬೇಗ ಬಂತು. ಯಾವ ದೋಷವೂ ಇಲ್ಲದ ಮಂಡಿಯನ್ನು ಡಾಕ್ಟರು ಬಗ್ಗಿಸಿ, ತಿರುಚಿ, ತಟ್ಟಿ, ಕೊನೆಗೆ ನಿಜವಾಗಿಯೂ ನೋಯುವ ಹಂತಕ್ಕೆ ತಂದು, ಎರಡು ಕಬ್ಬಿಣದ ಪಟ್ಟಿಯ ಒಂದು ಬಿಗಿಪಟ್ಟಿ ಕಟ್ಟಿ ಕಳಿಸಿದರು. ಆರ್ಲಿನ್ ಈಗ ಪ್ರಾಮಾಣಿಕವಾಗಿಯೇ ಕುಂಟುತ್ತಿದ್ದ.

ಸಂಜೆಯಾಗುತ್ತ ಬಂದಿತ್ತು. ಮನೆಗೆ ಹೋದರೆ ಕಾರ್ಲೀನ್ ಕಾಲಿಗೆ ಐಸಿಟ್ಟು ಸೋಫಾದ ಮೇಲೆ ಮಲಗಿಸುತ್ತಾಳೆ. ಪಕ್ಕದಲ್ಲಿ ಡ್ವೇನ್ ಕೂರುತ್ತಾನೆ. ಅರ್ಜಿಯ ಗಡುವು ಮುಗಿಯುತ್ತದೆ.

"ಲೈಬ್ರರಿ ಹತ್ರ ಒಂದ್ನಿಮಿಷ ನಿಲ್ಸು," ಎಂದ ಆರ್ಲಿನ್. "ಮಲಗಿರ್ಬೇಕಲ್ಲ, ಓದೋಕೆ ಏನಾದ್ರೂ ತರ್ತೀನಿ."

"ನಾನು ತಂದ್ಕೊಡ್ತೀನಿ, ನೀನು ಕೂತಿರು."

"ನಿಂಗೆ ನನ್ನ ರುಚಿ ಗೊತ್ತಾಗಲ್ಲ."

ಹ್ಯಾಮರ್‌ಬರ್ಗ್ ಲೈಬ್ರರಿಯಲ್ಲಿ ಒಂದು ಕಂಪ್ಯೂಟರ್, ಅದನ್ನು ಕಾಯಲು ಎಡ್ನಾ ಪ್ಲೋಟ್ಸ್ ಎಂಬ ಲೈಬ್ರೇರಿಯನ್. ಗೋಡೆಯ ಮೇಲಿನ 'ಮೌನ' ಎಂಬ ಫಲಕ ತನಗೆ ಅನ್ವಯಿಸುವುದಿಲ್ಲ ಎಂಬುದು ಆಕೆಯ ನಂಬಿಕೆ. ಆರ್ಲಿನ್ ತೋರುಬೆರಳೊಂದರಿಂದ ಹೆಸರು, ವಿಳಾಸ, ಬ್ಯಾಂಕ್ ಕಾರ್ಡಿನ ಸಂಖ್ಯೆ ಕುಟ್ಟುತ್ತಿದ್ದಾಗ ಆಕೆ ಹಿಂದೆಯೇ ಬಂದು ನಿಂತಳು. ಕಿಟಕಿಯಾಚೆ, ಲಾರಿಯ ಗಾಜು ಇಳಿಸಿಕೊಂಡು ಡ್ವೇನ್ ಕಾಯುತ್ತಿದ್ದ.

"ಆರ್ಲಿನ್! ಜಿಂಕೆ ಅರ್ಜಿ ಅಲ್ವಾ ಇದು?"

"ಎಡ್ನಾ, ಮೆಲ್ಲಗೆ..."

"ಯಾಕೆ, ಇಲ್ಲಿ ನಾವಿಬ್ರೇ ಇರೋದು! 'ಒಬ್ಬರೇ' ಅನ್ನೋ ಕಡೆ ಒತ್ತಿದ್ದೀಯ, 'ಗುಂಪು' ಅನ್ನೋದು ಕೆಳಗಿದೆ ನೋಡು! ಡ್ವೇನ್ ಹೊರಗೇ ಇದಾನಲ್ಲ, ಕರೀಲಾ?"

"ಬೇಡ!"

ಹ್ಯಾಮರ್‌ಬರ್ಗ್‌ನಲ್ಲಿ ಒಬ್ಬ ಟೆಸ್ಕೆ ಯಾರಿಗಾದರೂ ನೇರವಾಗಿ 'ಬೇಡ' ಎಂದದ್ದು ಬಹುಶಃ ಅದೇ ಮೊದಲು. ಎಡ್ನಾ ಎರಡು ಹೆಜ್ಜೆ ಹಿಂದೆ ಸರಿದಳು. ಆರ್ಲಿನ್ ಲಾಸ್ಟ್ ಕೆಟಲ್ ಎಂದು ಆರಿಸಿ, ಕಣ್ಣು ಮುಚ್ಚಿ, ಗುಂಡಿ ಒತ್ತಿದ. ಅರ್ಜಿ ಹೋಯಿತು. ಕೈಗೆ ಸಿಕ್ಕಿದ ಪುಸ್ತಕವೊಂದನ್ನು ಎಳೆದುಕೊಂಡು ಕುಂಟುತ್ತ ಲಾರಿ ಹತ್ತಿದ.

ಡ್ವೇನ್ ಪುಸ್ತಕದ ಹೆಸರು ಓದಿದ. ಅದು ಹಾಲುಣಿಸುವ ತಾಯಂದಿರಿಗೆ ಸಲಹೆಗಳ ಪುಸ್ತಕ.

"ಇದ್ರಲ್ಲಿ ಮಂಡಿಗೇನಾದ್ರೂ ಇದ್ಯಾ?"

"ಕೊನೇ ಅಧ್ಯಾಯದಲ್ಲಿ," ಎಂದ ಆರ್ಲಿನ್.

ಜೂನ್ ಮುಗಿಯುವ ಮೊದಲೇ ಪರವಾನಗಿ ಬಂತು. ಕಾಗದ ಒಡೆದದ್ದು ಕಾರ್ಲೀನ್. ಡ್ವೇನ್‌ಗೆ ಹೇಳಿದ್ದೂ ಅವಳೇ. ಅಂದು ಸಂಜೆ ಡ್ವೇನ್ ಬಂದು ಅಡುಗೆಮನೆಯಲ್ಲಿ ಕುಳಿತ. ಮೇಜಿನ ಮೇಲೆ ತನ್ನ ಒಳ್ಳೆಯ ದುರ್ಬೀನನ್ನು ಇಟ್ಟ. "ಅಲ್ಲಿ ಬಯಲು ಜಾಸ್ತಿ. ನಿನ್ನದು ಸಾಲಲ್ಲ," ಎಂದಷ್ಟೇ ಹೇಳಿ ಕಾಫಿ ಕುಡಿಯತೊಡಗಿದ. ಆಮೇಲೆ ಏನೂ ಮಾತಾಡಲಿಲ್ಲ. ಇಷ್ಟು ವರ್ಷಗಳಲ್ಲಿ ಡ್ವೇನ್ ಮಾತಿಲ್ಲದೆ ಕುಳಿತ ಮೊದಲ ಸಂಜೆ ಅದು. ಆರ್ಲಿನ್ ಹಂಬಲಿಸಿದ್ದ ಮೌನ ಅವನ ಮನೆಯೊಳಕ್ಕೇ ಬಂದು ಕುಳಿತಿತ್ತು, ಅವನಿಗೆ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಆದರೂ ಬೆಟ್ಟ ಬೆಟ್ಟವೇ. ಮರುದಿನ ಅವನು ವಯೋಮಿಂಗ್‌ನ ಬೇಟೆ ಕಚೇರಿಗೆ ಫೋನ್ ಮಾಡಿದ. ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದಷ್ಟೇ ಅವನ ಪ್ರಶ್ನೆ.

"ಲಾಸ್ಟ್ ಕೆಟಲ್ಲಾ?" ಎಂದಿತು ಹೆಣ್ಣುದನಿ. "ಸಂತೋಷ ಸರ್. ನಿಮ್ಮ ಗೈಡ್ ಯಾರು?"

"ಗೈಡ್ ಇಲ್ಲಮ್ಮ. ನಾನೊಬ್ನೇ."

"ಸರ್, ಅದು ಕಾಯ್ದಿಟ್ಟ ಕಾಡು. ಹೊರರಾಜ್ಯದೋರು ಒಬ್ಬರೇ ಆಗ್ಲಿ ಗುಂಪಾಗ್ಲಿ, ಅಲ್ಲಿ ಗೈಡ್ ಇಲ್ದೆ ಬೇಟೆಯಾಡೋ ಹಾಗಿಲ್ಲ. ಕಾನೂನು. ಅದಕ್ಕೇ ಹೊರಗಿನೋರು ಯಾರೂ ಆ ಜಾಗಕ್ಕೆ ಅರ್ಜಿ ಹಾಕಲ್ಲ."

"ಆ ಕಾಡು ಬಿಟ್ಟು ಉಳಿದ ಜಾಗದಲ್ಲಿ ಆಡಬಹುದಲ್ವಾ?"

"ಧಾರಾಳವಾಗಿ ಆಡಿ. ಉಳಿಯೋದು ಗಾಡಿ ನಿಲ್ಸೋ ಜಾಗ, ಒಬ್ಬರ ಹುಲ್ಲುಗದ್ದೆ."

ಗೈಡುಗಳು ಕೇಳುವ ಹಣಕ್ಕೆ ಗಿರಣಿಯನ್ನೇ ಮಾರಬೇಕಿತ್ತು. ಅಂಕಗಳು ಆಗಲೇ ಕರಗಿ ಹೋಗಿದ್ದವು. ಆರ್ಲಿನ್‌ನ ಉಸಿರಾಟ ಕೇಳಿ ಆಕೆಗೆ ಮರುಕವಾಯಿತು.

"ಇನ್ನೊಂದು ದಾರಿ ಇದೆ. ಈ ರಾಜ್ಯದೋರು ಯಾರಾದ್ರೂ ಪುಕ್ಕಟೆ ಜೊತೆಗೆ ಬರಬಹುದು, ನಾವೇ ಅನುಮತಿ ಕೊಡ್ತೀವಿ. ಇಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?"

"ಯಾರೂ ಇಲ್ಲ."

"ಹಾಗಾದ್ರೆ ನಮ್ಮಪ್ಪನ್ನ ಕಳಿಸ್ತೀನಿ. ಡೊಮಿನಿಕ್ ಎಚೆವೆರಿ ಅಂತ. ಆ ಬೆಟ್ಟದ ಒಂದೊಂದು ಕಲ್ಲೂ ಗೊತ್ತು ಅವ್ರಿಗೆ. ವಯಸ್ಸು ಪೂರ್ತಿ ಅಲ್ಲೇ ಕುರಿ ಕಾದ್ರು, ಒಬ್ಬರೇ, ಒಂದು ಗಾಡಿಯಲ್ಲಿ ಮಲಗಿಕೊಂಡು. ತಿಂಗಳುಗಟ್ಟಲೆ ಒಂದು ನರಪಿಳ್ಳೆ ಮುಖ ನೋಡ್ತಿರ್ಲಿಲ್ಲ."

ಆರ್ಲಿನ್‌ಗೆ ಜೀವ ಮರಳಿತು. ತಿಂಗಳುಗಟ್ಟಲೆ ಮೌನದಲ್ಲಿದ್ದ ಮನುಷ್ಯ! ಲಾಮಾಗಿಂತ ಮೇಲು, ಉಗಿಯುವುದೂ ಇಲ್ಲ. ಇಂಥವನ ಪಕ್ಕ ಕೂರುವುದೆಂದರೆ ಒಬ್ಬನೇ ಕೂತ ಹಾಗೆಯೇ. "ದೊಡ್ಡ ಉಪಕಾರ ಆಯ್ತಮ್ಮ," ಎಂದ.

"ಇಲ್ಲೇ ಕೂತಿದಾರೆ, ಕೊಡ್ತೀನಿ."

ಫೋನು ಕೈ ಬದಲಾಯಿತು.

"ಹಲೋ, ಹಲೋ! ವಿಸ್ಕಾನ್ಸಿನ್ನಾ? ಬಾ ಮಾರಾಯ, ಬಾ! ನಿಂಗೊತ್ತಾ, ಆ ಬೆಟ್ಟದಲ್ಲಿ ಮಾತಾಡೋಕೆ ನಂಗೊಂದು ಪ್ರಾಣಿ ಇರ್ಲಿಲ್ಲ. ಕುರಿಗೆ ಹೇಳಿದ್ರೆ ಕುರಿಗೆ ಅರ್ಥ ಆಗುತ್ತಾ? ಅಷ್ಟು ವರ್ಷದ್ದು ಎಲ್ಲಾ ಒಳಗೇ ಕೂತಿದೆ. ಮಗಳಿಗೆ ಕೇಳೋಕೆ ಪುರುಸೊತ್ತಿಲ್ಲ. ನಾಯಿಗಳಿಂದ ಶುರು ಮಾಡ್ತೀನಿ, ಕೇಳು. ಮೊದಲನೇ ನಾಯಿ..."

ಮೊದಲನೇ ನಾಯಿ ಸಾಯುವ ಹೊತ್ತಿಗೆ ಆರ್ಲಿನ್‌ನ ಕೈ ಜೋಮು ಹಿಡಿದಿತ್ತು. ಹೀಗೆ ಇನ್ನೂ ಹನ್ನೊಂದು ನಾಯಿಗಳಿದ್ದವು, ಆಮೇಲೆ ಕುದುರೆಗಳು.

ಅಕ್ಟೋಬರ್‌ನಲ್ಲಿ ಇಬ್ಬರೂ ಲಾಸ್ಟ್ ಕೆಟಲ್ ಏರಿ ಒಂದು ವಾರ ಇದ್ದರು. ಕಣ್ಣು ಹೋಗುವಷ್ಟು ದೂರ ಕಾಣುತ್ತಿತ್ತು. ಡೊಮಿನಿಕ್‌ನ ದನಿಯೂ ಅಷ್ಟೇ ದೂರ ಕೇಳುತ್ತಿತ್ತು. ಜಿಂಕೆ ಒಂದೂ ಕಾಣಲಿಲ್ಲ.