ನಾನು ಗೆಲ್ಲಿಸಿದ ಮೆಂಬರು

ನಾನು ಎರಡು ಸಲ ಪಂಚಾಯ್ತಿ ಚುನಾವಣೆಗೆ ನಿಂತು ಎರಡು ಸಲವೂ ಮುನಿಶಾಮಿಯ ಎದುರು ಸೋತವನು. (ಎರಡನೇ ಸಲ ಅಂತರ ಕಡಿಮೆಯಿತ್ತು. ಅದನ್ನು ಬೇರೆ ಯಾರೂ ಹೇಳುವುದಿಲ್ಲ, ನಾನೇ ಹೇಳಬೇಕು.) ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಬಂತು. ಮೂರನೇ ದಿಗ್ವಿಜಯಕ್ಕೆಂದು ಶ್ರೀನಿವಾಸಪುರಕ್ಕೆ ಹೋಗಿ ಹೊಸ ಜುಬ್ಬ ಹೊಲಿಸಿಕೊಂಡು ಬಂದರೆ, ನಮ್ಮೂರಿನ ಸ್ಥಾನ ಹೆಂಗಸರಿಗೆ ಮೀಸಲಂತೆ!

ಒಂದು ದಿನ ಉಣ್ಣಲಿಲ್ಲ. ಮಾರನೇ ದಿನ ಜ್ಞಾನೋದಯವಾಯಿತು. ನಿಲ್ಲುವುದು ಹೆಂಡತಿ, ಆಳುವುದು ನಾನು!

"ಶ್ಯಾಮಲಾ, ನೀನು ಸುಮ್ನೆ ಸೈನ್ ಹಾಕು ಸಾಕು. ಮಿಕ್ಕಿದ್ದೆಲ್ಲಾ ನಾನ್ ನೋಡ್ಕೊಂತೀನಿ."

"ಓದ್ದೆ ಸೈನ್ ಹಾಕೋಳಲ್ಲ ನಾನು. ಏಳನೇ ಕ್ಲಾಸ್ ಪಾಸಾಗಿದೀನಿ." (ನಾನು ಆರು.)

ಮುನಿಶಾಮಿಯೂ ಇದೇ ತಂತ್ರ ಹೂಡಿ ತನ್ನ ತಾಯಿ ಬೈರಮ್ಮನವರನ್ನು ನಿಲ್ಲಿಸಿದ. ಅವರ ಕರಪತ್ರದಲ್ಲಿ ಅವನ ಫೋಟೋ, ನಮ್ಮದರಲ್ಲಿ ನನ್ನದು. ಕೆಳಗೆ 'ವೆಂಕಟರಾಯಪ್ಪನವರ ಧರ್ಮಪತ್ನಿಗೆ ಮತ ನೀಡಿ' ಎಂದಿತ್ತು. ನಾವಿಬ್ಬರೂ ಗಂಟಲು ಹರಿಯುವಂತೆ ಭಾಷಣ ಬಿಗಿಯುತ್ತಿದ್ದರೆ, ಶ್ಯಾಮಲ ಹಾಲಿನ ಡೈರಿಯ ಸಾಲಿನಲ್ಲಿ ನಿಂತು ಹೆಂಗಸರಿಗೆ ಒಂದೇ ಮಾತು ಹೇಳುತ್ತಿದ್ದಳು: "ನಮ್ ಬೀದಿಗೆ ಬೋರಿಂಗು ಹಾಕಿಸ್ತೀನಿ. ಅಷ್ಟು ದೂರದಿಂದ ಬಿಂದಿಗೆ ಹೊತ್ತಿದ್ದು ಸಾಕು."

ನೂರಾ ಹನ್ನೊಂದು ಓಟಿನಿಂದ ಗೆದ್ದಳು! ನಾನು ಹಾರಕ್ಕೆ ಕುತ್ತಿಗೆ ಚಾಚಿದೆ. ಹಾರ ನನ್ನನ್ನು ದಾಟಿ ಅವಳ ಕೊರಳಿಗೆ ಬಿತ್ತು. ಸೋತ ಬೈರಮ್ಮನವರೇ ಬಂದು ಅವಳ ಕೆನ್ನೆ ಸವರಿ, "ನಾ ಓಟೂ ನೀಕೇ ಏಸಿನಾನಮ್ಮಾ!" ಎಂದು, ತಮ್ಮ ಓಟೂ ಇವಳಿಗೇ ಬಿದ್ದದ್ದನ್ನು ತೆಲುಗಿನಲ್ಲಿ ಊರಿಗೆಲ್ಲ ಸಾರಿದರು. ಮುನಿಶಾಮಿಯ ಮುಖ ನೋಡಬೇಕಿತ್ತು!

ಸಭೆಯ ದಿನ ಫೈಲು ಕಂಕುಳಲ್ಲಿಟ್ಟುಕೊಂಡು ನಾನೇ ಮುಂದೆ ನಡೆದೆ. ಜವಾನ ಬಾಗಿಲಲ್ಲೇ ತಡೆದ.

"ಮೆಂಬರ್ ಯಜಮಾನ ಕಣಯ್ಯಾ ನಾನು!"

ಶ್ಯಾಮಲ ಮೆಲ್ಲಗೆ ಫೈಲು ಕಿತ್ತುಕೊಂಡಳು. "ಕಿಟಕಿ ಹತ್ರ ನೆರಳೈತೆ, ಅಲ್ಲಿ ಕೂತ್ಕೊಳ್ರೀ."

ಅಷ್ಟು ಗಂಡಸರ ಎದುರು ಎದ್ದು ನಿಂತಾಗ ಮೊದಲು ಅವಳ ಧ್ವನಿ ನಡುಗಿತು. ಹೊರಗೆ ನಾನು ಎದ್ದು ಕಿಟಕಿಯ ಸರಳು ಹಿಡಿದುಕೊಂಡೆ. ಆಮೇಲೆ ನೋಡಿ, ಗಂಟೆ ಹೊಡೆದ ಹಾಗೆ ಮಾತು!

"ಬೋರಿಂಗಿಗೆ ಜಾಗ ನೋಡಿದೀನಿ ಸಾರ್. ಸರ್ಕಾರಿ ಜಾಗ. ಯಾರೋ ಬೇಲಿ ಹಾಕ್ಕೊಂಡವ್ರೆ. ಯಾರೇ ಆಗಿರ್ಲಿ, ತೆಗೆಸ್ಬೇಕು."

ನನಗೆ ಹೆಮ್ಮೆ ತಡೆಯಲಾಗಲಿಲ್ಲ. ಕಿಟಕಿಯಾಚೆಯಿಂದಲೇ ಪಟಪಟ ಚಪ್ಪಾಳೆ ತಟ್ಟಿದೆ. ಒಳಗಿದ್ದವರೂ ತಟ್ಟಿದರು.

"ಬೇಲಿ ಯಾರದಮ್ಮಾ?" ಎಂದರು ಮಂಡಲದ ಪ್ರಧಾನರು.

ಅವಳು ಕಿಟಕಿಯ ಕಡೆ ತಿರುಗಿ ನಕ್ಕಳು.

"ಮೊದ್ಲು ಚಪ್ಪಾಳೆ ಹೊಡೆದ್ರಲ್ಲ ಸಾರ್, ಅವ್ರದೇ. ಒಪ್ಗೆ ಕೊಟ್ಟಂಗಾಯ್ತು, ಬರ್ಕೊಳ್ಳಿ."