ಪೈಪಿನ ಗಾಳಿ, ಹೊಟ್ಟೆಯ ಕಿಚ್ಚು

ಪೈಪಿನೊಳಗೆ ಸಿಕ್ಕಿಕೊಂಡ ಒಂದು ಹಿಡಿ ಗಾಳಿಯನ್ನು ಹೊರಗಟ್ಟಲಾಗದವನು ಗಂಡಸೇ? ಆ ಭಾನುವಾರ ಬೆಳಗ್ಗೆ ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹೀಗೆ ಘೋಷಿಸಿದೆ!

ನಮ್ಮ ಮನೆಯನ್ನು ಬೆಚ್ಚಗಿಡುವುದು ಬಿಸಿನೀರು. ಅಡುಗೆಮನೆಯ ಬಾಯ್ಲರಿನಲ್ಲಿ ಕಾದು, ಕೋಣೆಕೋಣೆಯ ರೇಡಿಯೇಟರುಗಳನ್ನು ಸುತ್ತಿ, ಅದೇ ನೀರು ಬಾಯ್ಲರಿಗೆ ಮರಳುತ್ತದೆ. ನಡುವೆ ಗಾಳಿ ಸೇರಿತೋ, ಕೆಲಸ ಕೆಟ್ಟಿತು. ಮಲಗುವ ಕೋಣೆಯ ರೇಡಿಯೇಟರು ಅಜೀರ್ಣವಾದವರ ಹೊಟ್ಟೆಯಂತೆ ಗುಳುಗುಳು ಎನ್ನುತ್ತಿತ್ತು. ಕೆಳಗೆ ಬೆಚ್ಚಗೆ, ಮೇಲೆ ಮಂಜುಗಡ್ಡೆ!

"ಅಕ್ಕನ ಮನೆ ಎಷ್ಟು ಬೆಚ್ಚಗಿರುತ್ತೆ ನೋಡಿ! ಭಾವ ಬರೀ ಬನಿಯನ್ನಲ್ಲೇ ಓಡಾಡ್ತಾರೆ," ಎಂದಳು ಹೆಂಡತಿ, ಸ್ವೆಟರಿನ ಮೇಲೆ ಸ್ವೆಟರು ಏರಿಸುತ್ತ.

ಷಡ್ಡಕ! ನನಗಿಂತ ಎತ್ತರ, ನನಗಿಂತ ತಲೆಗೂದಲು ಹೆಚ್ಚು. ಈಗ ಬನಿಯನ್ ಬೇರೆ! ಮನೆಯೆಲ್ಲ ಕೊರೆಯುತ್ತಿದ್ದರೂ ನನ್ನ ಹೊಟ್ಟೆಯಲ್ಲಿ ಮಾತ್ರ ಕಿಚ್ಚು ಧಗಧಗನೆ ಉರಿಯಿತು.

"ಬಿಡಿ, ನಾನೇ—"

"ನೀನು ಸುಮ್ನಿರು! ಅವರ ಕೈಲಾಗಿದ್ದು ನನ್ನ ಕೈಲಾಗಲ್ವಾ?"

ರೇಡಿಯೇಟರಿನ ಮೇಲ್ತುದಿಯಲ್ಲೊಂದು ಪುಟ್ಟ ಸ್ಕ್ರೂ. ತಿರುಗಿಸಿದೆ. 'ಸುಸ್ಸ್' ಎಂದು ಗಾಳಿ ಹೊರಟಿತು. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಷಡ್ಡಕನ ಮನೆಗಿಂತ ಬೆಚ್ಚಗಾಗಬೇಕಲ್ಲ! ಇನ್ನೊಂದು ಸುತ್ತು, ಮತ್ತೊಂದು ಸುತ್ತು... ಸ್ಕ್ರೂ ಹಾರಿ ಮಂಚದಡಿ ಸೇರಿತು. ಕಾಡಿಗೆ ಕದಡಿದಂಥ ನೀರು ಕಾರಂಜಿಯಾಗಿ ಚಿಮ್ಮಿ ಗೋಡೆಗೆ, ಹಾಸಿಗೆಗೆ, ನನ್ನ ಮುಖಕ್ಕೆ ಭೇದವಿಲ್ಲದೆ ಹಂಚಿಕೆಯಾಯಿತು! ಹೆಬ್ಬೆರಳಿನಿಂದ ತೂತು ಒತ್ತಿ ಹಿಡಿದೆ.

"ಭಾವನ್ನ ಕರೀಲಾ?"

"ಪ್ರಾಣ ಹೋದ್ರೂ ಬೇಡ!"

ಅಷ್ಟರಲ್ಲಿ ಅವಳು ಫೋನ್ ಮಾಡಿಯಾಗಿತ್ತು. ಪಕ್ಕದ ಬೀದಿಯಿಂದ ಷಡ್ಡಕ, ಅತ್ತಿಗೆ ಇಬ್ಬರೂ ಬಂದೇಬಿಟ್ಟರು.

ಷಡ್ಡಕ ಬಾಗಿಲಲ್ಲೇ ನಿಂತ. ಅತ್ತಿಗೆ ಮಂಚದಡಿ ಕೈಹಾಕಿ ಸ್ಕ್ರೂ ತೆಗೆದರು. "ಬೆರಳು ತೆಗೀರಿ," ಎಂದು ಅದನ್ನು ತೂತಿಗೆ ಬಿಗಿದರು. ಬಾಯ್ಲರಿಗೆ ನೀರು ತುಂಬಿಸಿ, ಸ್ಕ್ರೂವನ್ನು ಚೂರೇ ಚೂರು ಸಡಿಲಿಸಿ, ಗಾಳಿ ಮುಗಿದು ನೀರಹನಿ ಕಂಡೊಡನೆ ಮತ್ತೆ ಬಿಗಿದರು. ನೋಡನೋಡುತ್ತ ರೇಡಿಯೇಟರು ನೆತ್ತಿಯವರೆಗೂ ಬೆಚ್ಚಗಾಯಿತು.

"ನಿಮ್ಮನೇಲಿ ಇದೆಲ್ಲ ನೀವಲ್ವಾ ಮಾಡೋದು?" ಷಡ್ಡಕನನ್ನು ಕೇಳಿದೆ.

"ನಾನಾ? ಸ್ಕ್ರೂಡ್ರೈವರ್ ಮುಟ್ಟಿದ್ರೆ ಇವಳು ಮನೆಯೊಳಗೇ ಸೇರ್ಸಲ್ಲ!"

ಆಹಾ! ಹೊಟ್ಟೆ ತಣ್ಣಗಾಯಿತು. ಅವನೂ ನಮ್ಮ ಪೈಕಿಯೇ! ಮೊದಲ ಬಾರಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು.

ಅತ್ತಿಗೆ ತಂಗಿಯತ್ತ ತಿರುಗಿದರು. "ಅಲ್ವೇ, ನನಗೆ ಇದನ್ನ ಕಲಿಸಿದ್ದೇ ನೀನು! ಅರೆಗಳಿಗೆ ಕೆಲಸಕ್ಕೆ ನಮ್ಮನ್ಯಾಕೆ ಕರೆಸಿದೆ?"

ಹೆಂಡತಿ ನೆಲ ಒರೆಸುವ ಬಟ್ಟೆಯನ್ನು ನನ್ನ ಕೈಗಿಟ್ಟಳು.

"ಪೈಪಿನ ಗಾಳಿ ತೆಗೆಯೋಕೆ ನಾನೊಬ್ಬಳೇ ಸಾಕಿತ್ತು ಅಕ್ಕಾ. ಇವರ ತಲೇಲಿರೋದನ್ನ ತೆಗೆಯೋಕೆ ನೀವಿಬ್ರೂ ಬರ್ಬೇಕಾಯ್ತು!"